ಎಸಿಎಲ್ ಆಪರೇಷನ್ ಆದ್ಮೇಲೆ ಮತ್ತೆ ವ್ಯಾಯಾಮ, ಮತ್ತೆ ಆಟ: ತಿಂಗಳು ಎಣಿಸ್ಬೇಡಿ, ಮಂಡಿ ನೋಡಿ

ಎಸಿಎಲ್, ಅಂದ್ರೆ ಮಂಡಿ ಒಳಗಿನ ಒಂದು ಲಿಗಮೆಂಟ್ (ಮೂಳೆಗಳನ್ನ ಹಿಡಿದಿಡೋ ಪಟ್ಟಿ), ಹರಿದು ಆಪರೇಷನ್ ಮಾಡಿಸ್ಕೊಂಡೋರೆಲ್ಲ ಕೇಳೋದು ಒಂದೇ ಪ್ರಶ್ನೆ, "ಎಷ್ಟು ತಿಂಗಳಿಗೆ ಮತ್ತೆ ಆಡ್ಬಹುದು?" ಡಾಕ್ಟ್ರು ಒಂಬತ್ತು ಅಂತಾರೆ, ಜಿಮ್ ಟ್ರೈನರ್ ಐದು ಸಾಕು ಅಂತಾನೆ, ಊರಲ್ಲಿ ಯಾರೋ ಒಬ್ಬ ಮೂರನೇ ತಿಂಗಳಿಗೇ ಕಬಡ್ಡಿ ಆಡಿದ್ನಂತೆ, ಏನೂ ಆಗ್ಲಿಲ್ವಂತೆ. ಈ ಅಂತೆಕಂತೆ ಕಟ್ಕೊಂಡು ಹೊರಟ್ರೆ ಎರಡನೇ ಆಪರೇಷನ್ ಗ್ಯಾರಂಟಿ ಅಂತ ಹೇಳಲ್ಲ, ಆದ್ರೆ ಚಾನ್ಸ್ ಜಾಸ್ತಿ ಆಗೋದಂತೂ ನಿಜ. ತಿಂಗಳು ಅನ್ನೋದು ಕಡಿಮೆ ಅಂದ್ರೂ ಇಷ್ಟು ಕಾಯ್ಬೇಕು ಅಂತ ಹೇಳುತ್ತೆ ಅಷ್ಟೇ. ನೀವು ಮುಂದಿನ ಹಂತಕ್ಕೆ ರೆಡಿನಾ ಅಂತ ಹೇಳೋದು ಮಂಡಿ. ಊತ ಇದೆಯಾ, ಕಾಲು ಪೂರ್ತಿ ನೆಟ್ಟಗಾಗುತ್ತಾ, ತೊಡೆ ಬಲ ಇನ್ನೊಂದು ಕಾಲಿಗೆ ಹೋಲಿಸಿದ್ರೆ ಎಷ್ಟಿದೆ. ಈ ಮೂರನ್ನ ಕೇಳ್ಕೊಳ್ತಾ ಹೋದ್ರೆ ಅರ್ಧ ಗೊಂದಲ ಕಮ್ಮಿ ಆಗುತ್ತೆ.

ನಾನು ನೋಡಿರೋ ಮಟ್ಟಿಗೆ ಜನ ಎಡವೋದು ಎರಡೇ ಜಾಗದಲ್ಲಿ. ಒಂದು, ಮೊದಲ ಎರಡು ವಾರ, ನೋವಿದೆ ಅಂತ ಕಾಲು ಮಡಿಸ್ಕೊಂಡೇ ಮಲಗಿರ್ತಾರೆ. ಇನ್ನೊಂದು, ನಾಲ್ಕು ಐದನೇ ತಿಂಗಳು, ನೋವೇ ಇಲ್ಲ, ಆರಾಮಾಗಿ ನಡೀತಿದೀನಿ, ಇನ್ನೇನು ಫಿಸಿಯೋಗೆ ದುಡ್ಡು ಸುರಿಯೋದು ಅಂತ ಬಿಟ್ಬಿಡ್ತಾರೆ. ಹಾಗಾಗಿ ಈ ಎರಡು ಕಡೆ ಸ್ವಲ್ಪ ಜಾಸ್ತಿನೇ ಬರೀತೀನಿ, ಬೇಸರ ಮಾಡ್ಕೋಬೇಡಿ.

ಒಳಗಡೆ ಏನು ಮಾಡಿರ್ತಾರೆ

ತೊಡೆ ಮೂಳೆ ಮತ್ತೆ ಮೊಣಕಾಲ ಕೆಳಗಿನ ಮೂಳೆ ಎರಡನ್ನೂ ಮಂಡಿ ಒಳಗೆ ಓರೆಯಾಗಿ ಹಿಡಿದಿರೋ ದಾರದಂಥದ್ದು ಎಸಿಎಲ್. ಕೆಳಗಿನ ಮೂಳೆ ಮುಂದಕ್ಕೆ ಜಾರದ ಹಾಗೆ, ಕಾಲು ಊರಿ ಗಕ್ಕನೆ ತಿರುಗಿದಾಗ ಮಂಡಿ ಕಳಚ್ಕೊಳ್ಳದ ಹಾಗೆ ನೋಡ್ಕೊಳ್ಳೋದು ಇದರ ಕೆಲಸ. ಶಟಲ್ ಕೋರ್ಟಲ್ಲಿ ಜಿಗಿದು ಒಂಟಿ ಕಾಲಲ್ಲಿ ಇಳಿಯೋದು, ಫುಟ್ಬಾಲಲ್ಲಿ ಓಡ್ತಾ ಓಡ್ತಾ ದಿಕ್ಕು ಬದಲಿಸೋದು, ಕಬಡ್ಡೀಲಿ ರೇಡ್ ಹೋದೋನ ಕಾಲು ಹಿಡ್ದಿರುವಾಗ ಮೈ ಮಾತ್ರ ತಿರುಗೋದು, ಹರಿಯೋದು ಹೆಚ್ಚಾಗಿ ಹಿಂಗೇನೇ. ಸುಮಾರು ಜನ "ಟಪ್ ಅಂತ ಸೌಂಡ್ ಬಂತು" ಅಂತಾರೆ, ಅದು ಸುಳ್ಳಲ್ಲ.

ಹರಿದಿದ್ದನ್ನ ಸಾಮಾನ್ಯವಾಗಿ ಹೊಲಿದು ಸರಿ ಮಾಡಲ್ಲ. ನಿಮ್ಮ ಮೈಯಿಂದಲೇ ಒಂದು ಟೆಂಡನ್ (ಸ್ನಾಯುವನ್ನ ಮೂಳೆಗೆ ಸೇರಿಸೋ ಗಟ್ಟಿ ಪಟ್ಟಿ) ತಗೊಂಡು, ಎರಡೂ ಮೂಳೇಲಿ ತೂತು ಕೊರೆದು, ಅದರೊಳಗೆ ತೂರಿಸಿ ಸ್ಕ್ರೂ ಅಥವಾ ಬಟನ್ ಹಾಕಿ ಬಿಗಿದಿರ್ತಾರೆ. ಇದಕ್ಕೆ ಗ್ರಾಫ್ಟ್ ಅಂತಾರೆ. ತೊಡೆ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ನಿಂದ ತಗೊಳ್ಳೋದು ತುಂಬಾ ಕಾಮನ್, ಮಂಡಿಚಿಪ್ಪಿನ ಕೆಳಗಿಂದ ಅಥವಾ ಮೇಲಿಂದ ತಗೊಳ್ಳೋದೂ ಇದೆ, ನಮ್ಮ ದೇಶದಲ್ಲಿ ಕಾಲಿನ ಹೊರಭಾಗದ ಪೆರೋನಿಯಸ್ ಲಾಂಗಸ್ ಟೆಂಡನ್ನೂ ಬಳಸ್ತಾರೆ. ನಿಮಗೆ ಯಾವುದು ಹಾಕಿದ್ದಾರೆ, ಜೊತೆಗೆ ಮೆನಿಸ್ಕಸ್ (ಮಂಡಿ ಮೂಳೆಗಳ ಮಧ್ಯೆ ಕುಶನ್ ಥರ ಇರೋ ಭಾಗ) ಹೊಲಿಗೆ ಏನಾದ್ರೂ ಆಗಿದೆಯಾ ಅಂತ ಡಿಸ್ಚಾರ್ಜ್ ಸಮ್ಮರಿ ನೋಡಿ ತಿಳ್ಕೊಳ್ಳಿ, ಇಲ್ಲ ಅಂದ್ರೆ ಡಾಕ್ಟ್ರನ್ನೇ ನೇರವಾಗಿ ಕೇಳಿ. ಯಾಕಂದ್ರೆ ಮೆನಿಸ್ಕಸ್ ಹೊಲಿದಿದ್ರೆ ಮೊದಲ ನಾಲ್ಕಾರು ವಾರ ಎಷ್ಟು ಭಾರ ಹಾಕ್ಬೇಕು, 90 ಡಿಗ್ರಿಗಿಂತ ಜಾಸ್ತಿ ಮಡಿಸ್ಬಹುದಾ ಅನ್ನೋದೆಲ್ಲ ಬದಲಾಗುತ್ತೆ. ಆಗ ಈ ಬರಹಕ್ಕಿಂತ ನಿಮ್ಮ ಡಾಕ್ಟ್ರು ಹೇಳಿದ್ದೇ ಮುಖ್ಯ.

ಈಗ ಮುಖ್ಯ ವಿಷ್ಯ. ಹಾಕಿದ ದಿನ ಆ ಗ್ರಾಫ್ಟ್ ಗಟ್ಟಿಯಾಗೇ ಇರುತ್ತೆ, ಆಮೇಲೆ ಬಲ ಕಮ್ಮಿ ಆಗುತ್ತೆ. ಅದರ ರಕ್ತ ಸಂಚಾರ ಕಟ್ಟಾಗಿರುತ್ತಲ್ಲ, ಹೊಸ ರಕ್ತನಾಳ ಬೆಳೆದು ಅದಕ್ಕೆ ಮತ್ತೆ ಜೀವ ಬರೋಕೆ ಟೈಮ್ ಬೇಕು. ಗದ್ದೇಲಿ ನಾಟಿ ಮಾಡಿದ ಪೈರು ಮೊದಲು ಹಳದಿಗೆ ತಿರುಗಿ ಸೊರಗಿ, ಬೇರು ಹಿಡಿದ ಮೇಲೆ ಚಿಗುರುತ್ತಲ್ಲ, ಹಂಗೇ. ಸುಮಾರು ಆರನೇ ವಾರದಿಂದ ಹನ್ನೆರಡನೇ ವಾರ ಇದು ತುಂಬಾ ನಾಜೂಕು. ತಮಾಷೆ ಅಂದ್ರೆ ಸರಿಯಾಗಿ ಅದೇ ಟೈಮಿಗೆ ನೋವು ಹೋಗಿ, ಊರುಗೋಲು ಬಿಟ್ಟು, "ನಂಗೇನೂ ಆಗೇ ಇಲ್ಲ" ಅನ್ನೋ ಥರ ಅನ್ಸೋಕೆ ಶುರುವಾಗಿರುತ್ತೆ. ಪೂರ್ತಿ ಹದಕ್ಕೆ ಬರೋಕೆ ವರ್ಷದ ಮೇಲೇ ಹಿಡಿಯುತ್ತೆ.

ಆಪರೇಷನ್ ಇನ್ನೂ ಆಗಿಲ್ಲ, ಡೇಟ್ ಕೊಟ್ಟಿದ್ದಾರೆ ಅನ್ನೋರಿಗೆ ಒಂದೇ ಮಾತು: ಆ ವಾರಗಳನ್ನ ವೇಸ್ಟ್ ಮಾಡ್ಬೇಡಿ. ಊತ ಇಳಿಸಿ, ಕಾಲು ನೆಟ್ಟಗೆ ಮಾಡೋದು ಕಲ್ತು, ತೊಡೆ ಗಟ್ಟಿ ಮಾಡ್ಕೊಂಡು ಟೇಬಲ್ ಹತ್ತಿದೋರಿಗೆ ಆಮೇಲಿನ ದಾರಿ ಸುಲಭ.

ಮೊದಲ ಎರಡು ವಾರ: ಮಡಿಸೋದಲ್ಲ, ನೆಟ್ಟಗೆ ಮಾಡೋದು

ಎಲ್ಲರಿಗೂ ಮಂಡಿ ಎಷ್ಟು ಮಡಿಯುತ್ತೆ ಅನ್ನೋದೇ ಚಿಂತೆ. ನೋಡೋಕೆ ಬಂದೋರೂ "ಎಷ್ಟು ಮಡಿಸ್ತೀಯಾ ತೋರ್ಸು" ಅಂತಾನೇ ಕೇಳ್ತಾರೆ. ಮಡಿಯೋದು ನಿಧಾನಕ್ಕೆ ಬಂದೇ ಬರುತ್ತೆ. ನೆಟ್ಟಗಾಗೋದು ಮಾತ್ರ ಮೊದಲ ವಾರಗಳಲ್ಲಿ ತಪ್ಪಿಸ್ಕೊಂಡ್ರೆ ಆಮೇಲೆ ತರೋದು ಭಾರಿ ಕಷ್ಟ. ಐದು ಡಿಗ್ರಿ ಬಾಗಿ ಉಳಿದ್ರೂ ನಡಿಗೆ ಕುಂಟುತ್ತೆ, ತೊಡೆ ಮುಂಭಾಗದ ಸ್ನಾಯು, ಅಂದ್ರೆ ಕ್ವಾಡ್ಸ್, ಸರಿಯಾಗಿ ಕೆಲಸ ಮಾಡಲ್ಲ, ಮಂಡಿಚಿಪ್ಪಿನ ಸುತ್ತ ನೋವು ಶುರುವಾಗುತ್ತೆ.

ಅದಕ್ಕೇ ಮೊದಲನೇ ರೂಲ್: ಮಂಡಿ ಕೆಳಗೆ ದಿಂಬು ಇಡ್ಬೇಡಿ. ಮನೇಲಿ ಅಮ್ಮನೋ ಅಜ್ಜಿನೋ ಪ್ರೀತಿಯಿಂದ ತಂದು ಇಡ್ತಾರೆ, ಹಿತವಾಗೂ ಇರುತ್ತೆ, ಅದೇ ತೊಂದರೆ. ದಿಂಬು ಇಡೋದಾದ್ರೆ ಹಿಮ್ಮಡಿ ಕೆಳಗೆ ಇಡಿ. ಟವೆಲ್ ಸುತ್ತಿ ಹಿಮ್ಮಡಿ ಕೆಳಗಿಟ್ಟು, ಮಂಡಿ ಗಾಳೀಲಿ ತೂಗೋ ಹಾಗೆ ಬಿಟ್ಟು, ಹತ್ತು ನಿಮಿಷ ಸುಮ್ನೆ ಮಲಗಿ. ಮಂಡಿ ತಾನಾಗೇ ಕೆಳಗಿಳಿಯುತ್ತೆ. ದಿನಕ್ಕೆ ನಾಲ್ಕೈದು ಸಲ. ಮಂಡಿ ಹಿಂದೆ ಎಳೆದ ಹಾಗಾಗೋದು ಸಹಜ.

ಎರಡನೇದು ಕ್ವಾಡ್ಸ್ ಎಬ್ಬಿಸೋದು. ಆಪರೇಷನ್ ಆದ ಮರುದಿನ ತೊಡೆ ಬಿಗಿ ಮಾಡಿ ಅಂದ್ರೆ ಏನೂ ಅಲ್ಲಾಡಲ್ಲ, ಕಾಲು ನಮ್ಮದೇ ಅಲ್ವೇನೋ ಅನ್ಸುತ್ತೆ. ಮಂಡೀಲಿ ನೀರು ತುಂಬಿದಾಗ ನರವ್ಯೂಹನೇ ಆ ಸ್ನಾಯುವಿನ ಸ್ವಿಚ್ ಆಫ್ ಮಾಡಿಬಿಡುತ್ತೆ. ಹೆದರ್ಬೇಡಿ. ಕಾಲು ಚಾಚಿ ಕೂತು, ಮಂಡಿ ಕೆಳಗಡೆ ಹಾಸಿಗೆಗೆ ಒತ್ತೋ ಹಾಗೆ ತೊಡೆ ಬಿಗಿ ಮಾಡಿ ಐದು ಸೆಕೆಂಡ್ ಹಿಡಿದು ಬಿಡಿ. ಹತ್ತು ಸಲ ಮಾಡಿ, ಗಂಟೆಗೊಂದ್ಸಲ ರಿಪೀಟ್ ಮಾಡಿ. ಬಿಗಿದಾಗ ಮಂಡಿಚಿಪ್ಪು ಮೇಲಕ್ಕೆ ಜಾರೋದು ಕಾಣ್ಬೇಕು. ಫಿಸಿಯೋ ಹತ್ರ ಕರೆಂಟ್ ಕೊಡೋ ಮಷಿನ್ ಇದ್ರೆ ಈ ಟೈಮಲ್ಲಿ ಅದು ನಿಜಕ್ಕೂ ಕೆಲಸಕ್ಕೆ ಬರುತ್ತೆ, ಆದ್ರೆ ಮಷಿನ್ ಹಾಕಿದಾಗ ನೀವೂ ಜೊತೆಗೆ ಬಿಗಿ ಮಾಡ್ಬೇಕು, ಫೋನ್ ನೋಡ್ತಾ ಮಲಗೋದಲ್ಲ. ಆಮೇಲೆ ನೆಟ್ಟಗಿರೋ ಕಾಲನ್ನ ಹಂಗೇ ಎತ್ತೋದು. ಎತ್ತುವಾಗ ಮಂಡಿ ಸ್ವಲ್ಪನೂ ಬಾಗದೆ ಹತ್ತು ಸಲ ಎತ್ತಕ್ಕೆ ಬಂದ್ರೆ ಊರುಗೋಲು ಬಿಡೋ ಮಾತಾಡ್ಬಹುದು, ಬಾಗ್ತಾ ಇದ್ರೆ ಇನ್ನೂ ಇಲ್ಲ.

ಐಸ್ ಇಡಿ, ಬಟ್ಟೆ ಸುತ್ತಿ 15-20 ನಿಮಿಷ, ದಿನಕ್ಕೆ ಕೆಲವು ಸಲ. ಪಾದ ಮೇಲೆ ಕೆಳಗೆ ಆಡಿಸ್ತಾ ಇರಿ, ರಕ್ತ ಹೆಪ್ಪುಗಟ್ಟದ ಹಾಗೆ. ಮೆಟ್ಟಿಲು ಹತ್ತುವಾಗ ಚೆನ್ನಾಗಿರೋ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆಗಿರೋ ಕಾಲು ಮೊದಲು, ಊರುಗೋಲು ಯಾವಾಗಲೂ ಆಪರೇಷನ್ ಕಾಲಿನ ಜೊತೆಗೇ. ಬಚ್ಚಲಲ್ಲಿ ನೆಲ ಒಣಗಿರ್ಲಿ, ಪ್ಲಾಸ್ಟಿಕ್ ಸ್ಟೂಲಿಗಿಂತ ಗಟ್ಟಿ ಕುರ್ಚಿ ಮೇಲೆ ಕೂತು ಸ್ನಾನ ಮಾಡಿ. ಮನೇಲಿ ಇಂಡಿಯನ್ ಟಾಯ್ಲೆಟ್ ಮಾತ್ರ ಇದ್ರೆ ಆಪರೇಷನ್‌ಗೆ ಮುಂಚೇನೇ ಕಮೋಡ್ ಕುರ್ಚಿ ತಂದಿಡಿ, ಸರ್ಜಿಕಲ್ ಅಂಗಡೀಲಿ ಸಿಗುತ್ತೆ, ಕೆಲವು ಕಡೆ ಬಾಡಿಗೆಗೂ ಕೊಡ್ತಾರೆ.

ಎಣ್ಣೆ ಹಾಕಿ ನೀವೋದು ಈಗ ಬೇಡ. ಗಾಯ ಆರಿಲ್ಲ, ಅದೂ ಅಲ್ದೆ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ತಿಕ್ಕೋದು ಅಪಾಯ. ಯಾರಾದ್ರೂ "ನಾನು ಒಂದ್ಸಲಕ್ಕೆ ಮಡಿಸಿಕೊಡ್ತೀನಿ ಬಾ" ಅಂದ್ರೆ ದೂರದಿಂದ್ಲೇ ಕೈ ಮುಗೀರಿ.

ಮೀನಖಂಡ ಊದಿ, ಬಿಸಿಯಾಗಿ, ಒತ್ತಿದ್ರೆ ನೋವಾದ್ರೆ, ಜ್ವರ ಬಂದ್ರೆ, ಗಾಯದಿಂದ ಕೀವು ಬಂದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ, ಸೋಮವಾರ ಓಪಿಡಿ ಇದೆ ನೋಡೋಣ ಅಂತ ಕಾಯ್ಬೇಡಿ. ಉಸಿರು ಕಟ್ಟಿದ ಹಾಗೆ ಅಥವಾ ಎದೆ ಹಿಡಿದ ಹಾಗಾದ್ರೆ ಆ ಕ್ಷಣಾನೇ 108ಕ್ಕೆ ಕಾಲ್ ಮಾಡಿ. ಗಾಯದ ಪಕ್ಕ ಚರ್ಮ ಮರಗಟ್ಟಿದ ಹಾಗಿರೋದು ಮಾತ್ರ ತುಂಬಾ ಜನಕ್ಕೆ ಆಗುತ್ತೆ, ಅಲ್ಲಿನ ಸಣ್ಣ ನರ ಕಟ್ಟಾಗಿರುತ್ತೆ, ತಿಂಗಳುಗಟ್ಟಲೆ ಇರುತ್ತೆ, ಕೆಲವರಿಗೆ ಸ್ವಲ್ಪ ಜಾಗ ಹಂಗೇ ಉಳಿದ್ಬಿಡುತ್ತೆ. ಅದ್ರಿಂದ ಆಟಕ್ಕೇನೂ ತೊಂದ್ರೆ ಇಲ್ಲ.

ಮುಂದಕ್ಕೆ ಹೋಗೋದಾ ನಿಲ್ಲೋದಾ, ನಾಳೆ ಬೆಳಿಗ್ಗೆ ನೋಡಿ

ಇದೊಂದು ಅಭ್ಯಾಸ ಮಾಡ್ಕೊಂಡ್ರೆ ಕೊನೇವರೆಗೂ ಉಪಯೋಗ. ವ್ಯಾಯಾಮ ಮಾಡುವಾಗ ಹತ್ತರಲ್ಲಿ ಎರಡು ಮೂರರಷ್ಟು ನೋವು ಓಕೆ. ಮುಖ್ಯ ಆಗೋದು ಮರುದಿನ. ಬೆಳಿಗ್ಗೆ ಎದ್ದಾಗ ಮಂಡಿ ನಿನ್ನೆಗಿಂತ ದಪ್ಪ ಇದೆಯಾ, ಬಿಗಿಯಾಗಿದೆಯಾ, ಪೂರ್ತಿ ನೆಟ್ಟಗಾಗ್ತಿಲ್ವಾ? ಹಾಗಿದ್ರೆ ನಿನ್ನೆ ಮಾಡಿದ್ದು ಜಾಸ್ತಿ ಆಯ್ತು ಅಂತ. ಒಂದೆರಡು ದಿನ ಕಮ್ಮಿ ಮಾಡಿ, ಪೂರ್ತಿ ನಿಲ್ಲಿಸೋದು ಬೇಡ. ಏನೂ ವ್ಯತ್ಯಾಸ ಇಲ್ಲ ಅಂದ್ರೆ ಅದೇ ಲೆವೆಲ್ ಇನ್ನೆರಡು ಸಲ ಮಾಡಿ ಆಮೇಲೆ ಸ್ವಲ್ಪ ಏರಿಸಿ. ಏರಿಸುವಾಗ ಒಂದೇ ಏರಿಸಿ. ತೂಕನೂ ಜಾಸ್ತಿ, ದಿನನೂ ಜಾಸ್ತಿ, ಹೊಸ ವ್ಯಾಯಾಮನೂ ಸೇರ್ಸಿ ಮರುದಿನ ಊದಿಕೊಂಡ್ರೆ ಯಾವುದ್ರಿಂದ ಅಂತ ಹೇಗೆ ಗೊತ್ತಾಗ್ಬೇಕು?

ಊತ ನೋಡೋಕೆ ಒಂದು ಸುಲಭ ವಿಧಾನ ಇದೆ, ಫಿಸಿಯೋಗಳು ಮಾಡ್ತಾರೆ, ನೀವೂ ಕಲೀಬಹುದು. ಕಾಲು ಚಾಚಿ ತೊಡೆ ಸಡಿಲ ಬಿಡಿ. ಮಂಡಿಚಿಪ್ಪಿನ ಒಳಬದಿಯ ಗುಳಿಯಿಂದ ತೊಡೆ ಕಡೆಗೆ ಎರಡು ಮೂರು ಸಲ ಕೈಯಲ್ಲಿ ಸವರಿ ನೀರನ್ನ ಮೇಲಕ್ಕೆ ತಳ್ಳಿ, ಆಮೇಲೆ ಹೊರಬದಿಯಿಂದ ಮೇಲಿಂದ ಕೆಳಕ್ಕೆ ಒಂದ್ಸಲ ಸವರಿ. ಒಳಬದಿ ಗುಳೀಲಿ ಅಲೆ ಥರ ನೀರು ವಾಪಸ್ ಬಂದು ಉಬ್ಬಿದ್ರೆ ಇನ್ನೂ ಊತ ಇದೆ ಅಂತ ಅರ್ಥ. ತಳ್ಳಿದ ನೀರು ಹೋಗ್ತಾನೇ ಇಲ್ಲ ಅನ್ನೋಷ್ಟಿದ್ರೆ ಓಟ, ಜಿಗಿತ ಎಲ್ಲ ಬಂದ್. ಜೊತೆಗೆ ದರ್ಜಿ ಟೇಪಲ್ಲಿ ಮಂಡಿಚಿಪ್ಪಿನ ಮೇಲಿಂದ ಹತ್ತು ಸೆಂಟಿಮೀಟರ್‌ಗೆ ಗುರುತು ಮಾಡಿ ಎರಡೂ ತೊಡೆ ಸುತ್ತಳತೆ ತಿಂಗಳಿಗೊಂದ್ಸಲ ಬರೆದಿಡಿ. ಎರಡು ಸೆಂಟಿಮೀಟರ್ ವ್ಯತ್ಯಾಸ ನೋಡಿದ್ರೆ ಫಿಸಿಯೋ ಬಿಡೋ ಯೋಚನೆ ತಾನಾಗೇ ಬಿಟ್ಟೋಗುತ್ತೆ.

ಎರಡನೇ ವಾರದಿಂದ ಮೂರನೇ ತಿಂಗಳವರೆಗೆ

ಕುಂಟದೆ ನಡೆಯೋಕೆ ಬಂದ್ಮೇಲೆ ಊರುಗೋಲು ಬಿಡಿ, ಅದಕ್ಕೆ ಮುಂಚೆ ಅಲ್ಲ. ಊರುಗೋಲು ಹಿಡಿದು ಸರಿಯಾಗಿ ನಡೆಯೋದು, ಬಿಟ್ಟು ಕುಂಟೋದಕ್ಕಿಂತ ಸಾವಿರ ಪಾಲು ಮೇಲು, ಕುಂಟೋದು ಅಭ್ಯಾಸ ಆಗ್ಬಿಟ್ರೆ ಆಮೇಲೆ ಬಿಡಿಸೋದೇ ಒಂದು ಕೆಲಸ. ಮಂಡಿ 100-110 ಡಿಗ್ರಿ ಮಡಿದ್ರೆ ಜಿಮ್ ಸೈಕಲ್ ಶುರು ಮಾಡ್ಬಹುದು, ಸೀಟು ಎತ್ತರಕ್ಕಿಟ್ಟು, ಟೈಟ್ ಇಲ್ದೆ, ಹತ್ತು ನಿಮಿಷ. ರೋಡಲ್ಲಿ ಸೈಕಲ್ ಈಗ ಬೇಡ, ನಾಯಿ ಅಡ್ಡ ಬಂದ್ರೆ ಯಾವ ಕಾಲು ಊರ್ತೀರಿ ಅಂತ ನಿಮಗೇ ಗೊತ್ತಿರಲ್ಲ. ಬೈಕು ಸ್ಕೂಟರ್‌ಗೂ ಅದೇ ಮಾತು. ಬಲಗಾಲು ಆಪರೇಷನ್ ಆಗಿದ್ರೆ ಕಾರ್ ಬ್ರೇಕ್ ಗಟ್ಟಿಯಾಗಿ ಒತ್ತೋಕೆ ಬರೋವರೆಗೂ ಡ್ರೈವಿಂಗ್ ಬೇಡ, ಡಾಕ್ಟ್ರು ಸರಿ ಅಂದ್ಮೇಲೇನೇ.

ಅರ್ಧ ಬಸ್ಕಿ, ಗೋಡೆಗೆ ಒರಗಿ ಕೂರೋದು, ತುದಿಗಾಲಲ್ಲಿ ಏಳೋದು, ಬೆನ್ನ ಮೇಲೆ ಮಲಗಿ ಸೊಂಟ ಎತ್ತೋದು, ಒಂಟಿ ಕಾಲಲ್ಲಿ ನಿಲ್ಲೋದು, ಮನೆ ಮೆಟ್ಟಿಲ ಮೇಲೆ ಹತ್ತಿ ಇಳಿಯೋದು. ಇವಿಷ್ಟು ಮನೇಲೇ ಆಗುತ್ತೆ. ಕನ್ನಡಿ ಮುಂದೆ ಮಾಡಿ, ಯಾಕಂದ್ರೆ ನೀವು ಎರಡೂ ಕಾಲಲ್ಲಿ ಬಸ್ಕಿ ಹೊಡೀತಿದೀನಿ ಅನ್ಕೊಂಡಿರ್ತೀರಿ, ಮೈಯೆಲ್ಲ ಚೆನ್ನಾಗಿರೋ ಕಾಲಿನ ಕಡೆಗೇ ವಾಲಿರುತ್ತೆ. ಮಂಡಿ ಒಳಕ್ಕೆ ಬೀಳ್ತಿದೆಯಾ ಅಂತಾನೂ ನೋಡಿ, ಎಸಿಎಲ್ ಹರಿದಾಗ ಸಾಮಾನ್ಯವಾಗಿ ಮಂಡಿ ಹೋಗಿರೋದೂ ಆ ಕಡೆಗೇನೇ.

ಆಮೇಲೆ ಜಿಮ್. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ: ಥೆರಾಬ್ಯಾಂಡ್ (ರಬ್ಬರ್ ಪಟ್ಟಿ) ಎಳೆಯೋದ್ರಲ್ಲೇ ಆರು ತಿಂಗಳು ಕಳೆಯೋದು ಟೈಮ್ ವೇಸ್ಟ್. ಸ್ನಾಯು ಬೆಳೀಬೇಕು ಅಂದ್ರೆ ಭಾರ ಬೇಕು. ಲೆಗ್ ಪ್ರೆಸ್, ಒಂಟಿ ಕಾಲಿನ ಲೆಗ್ ಪ್ರೆಸ್, ಸ್ಟೆಪ್ ಅಪ್, ಡೆಡ್‌ಲಿಫ್ಟ್ ಥರದ್ದು, ಕಾಫ್ ರೈಸ್. ವಾರಕ್ಕೆ ಮೂರು ದಿನ, ಮೂರು ನಾಲ್ಕು ಸೆಟ್, ಎಂಟರಿಂದ ಹನ್ನೆರಡು ಸಲ, ಕೊನೆಯ ಎರಡು ಸಲ ಕಷ್ಟ ಆಗೋಷ್ಟು ತೂಕ. ಮಧ್ಯೆ ಒಂದು ದಿನ ಗ್ಯಾಪ್. ಆಪರೇಷನ್ ಕಾಲಿಗೆ ಬೇರೆಯಾಗಿ, ಒಂಟಿಯಾಗಿ ಮಾಡಿಸ್ಬೇಕು, ಇಲ್ಲ ಅಂದ್ರೆ ಇನ್ನೊಂದು ಕಾಲು ಅದರ ಪಾಲಿನ ಕೆಲಸನೂ ಮಾಡ್ಕೊಂಡು ಕೂತಿರುತ್ತೆ.

ಲೆಗ್ ಎಕ್ಸ್‌ಟೆನ್ಷನ್ ಮಷಿನ್ (ಕೂತ್ಕೊಂಡು ಕಾಲು ಮುಂದಕ್ಕೆ ಚಾಚಿ ತೂಕ ಎತ್ತೋದು) ಮುಟ್ಲೇಬಾರ್ದು ಅಂತ ಹಳೆ ಕಾಲದಲ್ಲಿ ಹೇಳ್ತಿದ್ರು, ಈಗ್ಲೂ ಕೆಲವರು ಹೇಳ್ತಾರೆ. ಈಗಿನ ಪದ್ಧತಿ ಏನಂದ್ರೆ ಶುರುವಲ್ಲಿ 90 ರಿಂದ 45 ಡಿಗ್ರಿ ಮಧ್ಯೆ ಮಾತ್ರ, ಕಮ್ಮಿ ತೂಕದಲ್ಲಿ ಮಾಡಿಸಿ, ನಿಧಾನಕ್ಕೆ ಪೂರ್ತಿ ನೆಟ್ಟಗೆ ಮಾಡೋವರೆಗೂ ತರೋದು. ಪೂರ್ತಿ ಬಿಟ್ಟೇ ಬಿಟ್ರೆ ಕ್ವಾಡ್ಸ್ ಬಲ ವಾಪಸ್ ಬರೋದು ಕಷ್ಟ, ಬಸ್ಕಿ ಹೊಡೀವಾಗ ಸೊಂಟ, ಪೃಷ್ಠದ ಸ್ನಾಯುಗಳು ಆ ಕೆಲಸ ಕದ್ದುಬಿಡ್ತವೆ. ಯಾವ ವಾರದಿಂದ ಅನ್ನೋದನ್ನ ಫಿಸಿಯೋ ಹತ್ರ ಕೇಳಿ. ಗ್ರಾಫ್ಟ್ ಹ್ಯಾಮ್‌ಸ್ಟ್ರಿಂಗ್‌ನಿಂದ ತಗೊಂಡಿದ್ರೆ ತೂಕ ಹಾಕಿ ಹಿಮ್ಮಡಿ ಹಿಂದಕ್ಕೆ ಎಳೆಯೋ ಲೆಗ್ ಕರ್ಲ್ ತಡವಾಗಿ ಶುರು ಮಾಡ್ಬೇಕು, ತೆಗೆದ ಜಾಗ ಆರ್ಬೇಕಲ್ಲ. ತೊಡೆ ಹಿಂದೆ ಗಕ್ ಅಂತ ಹಿಡಿದ ಹಾಗಾದ್ರೆ ಒಂದು ಹೆಜ್ಜೆ ಹಿಂದೆ ಹೋಗಿ.

ಊಟದ ಬಗ್ಗೆ ಜಾಸ್ತಿ ಹೇಳಲ್ಲ. ಸಪ್ಲಿಮೆಂಟ್ ಡಬ್ಬಿಗೆ ಮುಂಚೆ ತಟ್ಟೆ ನೋಡಿ. ಮುದ್ದೆ, ಅನ್ನ ಎರಡರಲ್ಲೂ ಪ್ರೋಟೀನ್ ಕಮ್ಮಿ. ಹುರುಳಿ, ಹೆಸರು, ಅಲಸಂದೆ ಕಾಳು, ಮೊಸರು, ಕಡ್ಲೆಬೀಜ, ಮೀನು, ಕೋಳಿ, ಮೊಟ್ಟೆ, ಯಾವುದು ನಡೆಯುತ್ತೋ ಅದು ಮೂರು ಹೊತ್ತೂ ಇರ್ಲಿ. ಒಂದು ಮೊಟ್ಟೇಲಿ ಸುಮಾರು 6 ಗ್ರಾಂ ಪ್ರೋಟೀನ್. 60 ಕೆಜಿ ಇರೋರಿಗೆ ಈ ಟೈಮಲ್ಲಿ ದಿನಕ್ಕೆ 70 ರಿಂದ 95 ಗ್ರಾಂ ಆದ್ರೆ ಒಳ್ಳೇದು, ಕಿಡ್ನಿ ತೊಂದ್ರೆ ಇರೋರು ಡಾಕ್ಟ್ರನ್ನ ಕೇಳದೆ ಏರಿಸ್ಬೇಡಿ. ಸಿಗರೇಟ್ ಬಿಡಿ, ಗಾಯ ಆರೋದನ್ನೇ ತಡ ಮಾಡುತ್ತೆ.

ಫಿಸಿಯೋ ದೂರ, ತಾಲೂಕಲ್ಲಿ ಯಾರೂ ಇಲ್ಲ ಅನ್ನೋರು ಜಿಲ್ಲಾಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ವಿಚಾರಿಸಿ. ದಿನಾ ಹೋಗೋದು ಬೇಕಾಗಿಲ್ಲ. ಎರಡು ಮೂರು ವಾರಕ್ಕೊಂದ್ಸಲ ಹೋಗಿ ಟೆಸ್ಟ್ ಮಾಡಿಸ್ಕೊಂಡು, ಮುಂದಿನ ಪಟ್ಟಿ ತಗೊಂಡು ಬಂದು ಮನೇಲಿ ಶಿಸ್ತಾಗಿ ಮಾಡೋದು, ದಿನಾ ಹೋಗಿ ಕರೆಂಟ್ ಹಾಕಿಸ್ಕೊಂಡು ಬರೋದಕ್ಕಿಂತ ಎಷ್ಟೋ ಪಾಲು ಮೇಲು.

ಓಟ

ಮೂರು ತಿಂಗಳಿಗೆ ಮುಂಚೆ ಓಡೋ ಮಾತೇ ಬೇಡ. ಮೂರು ಆಯ್ತು ಅಂತ ಓಡೋದೂ ಅಲ್ಲ. ಊತ ಇಲ್ಲ, ಕಾಲು ಪೂರ್ತಿ ನೆಟ್ಟಗಾಗುತ್ತೆ, ತೊಡೆ ಬಲ ಇನ್ನೊಂದು ಕಾಲಿನ 70 ಪರ್ಸೆಂಟ್ ಆದ್ರೂ ಇದೆ, ಕುರ್ಚಿಯಿಂದ ಒಂಟಿ ಕಾಲಲ್ಲಿ ಅಲ್ಲಾಡದೆ ಹತ್ತು ಸಲ ಎದ್ದು ಕೂರೋಕೆ ಬರುತ್ತೆ, ಅರ್ಧ ಗಂಟೆ ಬಿರುಸಾಗಿ ನಡೆದ್ರೂ ಮರುದಿನ ಏನೂ ಆಗಲ್ಲ. ಇಷ್ಟಾದ್ರೆ ಶುರು ಮಾಡಿ. ಒಂದು ನಿಮಿಷ ಮೆಲ್ಲಗೆ ಓಟ, ಎರಡು ನಿಮಿಷ ನಡಿಗೆ, ಆರೇಳು ಸಲ. ದಿನ ಬಿಟ್ಟು ದಿನ. ಮಟ್ಟವಾಗಿರೋ ಮಣ್ಣಿನ ಮೈದಾನ ಇದ್ರೆ ಒಳ್ಳೇದು, ಶಾಲೆ ಗ್ರೌಂಡು ಬೆಳಗ್ಗೆ ಖಾಲಿ ಇರುತ್ತಲ್ಲ. ರಸ್ತೆ ಅಂಚಲ್ಲಿ ಬೇಡ, ನೀರು ಹರಿಯೋಕೆ ಅಂತ ಇಳಿಜಾರು ಕೊಟ್ಟಿರ್ತಾರೆ, ಒಂದು ಕಾಲು ಯಾವಾಗಲೂ ಕೆಳಗಿರುತ್ತೆ.

ಕೆಲವರಿಗೆ ಇಲ್ಲಿಗೇ ಸಾಕು. ವಾಕಿಂಗ್, ಜಾಗಿಂಗ್, ಈಜು, ಜಿಮ್ ಇಷ್ಟೇ ಬೇಕಾಗಿರೋದು, ಗಕ್ಕನೆ ತಿರುಗೋ ಆಟ ಆಡಲ್ಲ ಅನ್ನೋರು ಮುಂದಿನ ಟೆಸ್ಟಿಗೆಲ್ಲ ಅಷ್ಟು ತಲೆ ಕೆಡಿಸ್ಕೋಬೇಕಿಲ್ಲ, ತೊಡೆ ಬಲ ಮಾತ್ರ ಬಿಡ್ಬಾರ್ದು. ಚಕ್ಕಳಮಕ್ಕಳ ಹಾಕಿ ಕೂರೋದು, ವಜ್ರಾಸನ, ಕುಕ್ಕರಗಾಲಲ್ಲಿ ಕೂರೋದು ಕೊನೆಗೆ ಬರೋದು. ಮೆನಿಸ್ಕಸ್ ಹೊಲಿಗೆ ಆಗಿದ್ರೆ ಇನ್ನೂ ತಡ. ಮದ್ವೆ ಮನೇಲಿ ಪಂಕ್ತೀಲಿ ನೆಲದ ಮೇಲೆ ಕೂತು ಉಣ್ಣೋದಕ್ಕೆ ಆಗಲ್ಲ ಅಂತ ಯಾರೂ ಬೇಜಾರಾಗಲ್ಲ, ಟೇಬಲ್ ಕೇಳಿ.

ಐದನೇ ತಿಂಗಳ ಮೋಸ

ಆಡೋರಿಗೆ ನಿಜವಾದ ಪರೀಕ್ಷೆ ಇಲ್ಲಿಂದ. ಈಗ ನೋವಿಲ್ಲ, ಓಡ್ತಿದೀರಿ, ಟೀಮಿನೋರು ಫೋನ್ ಮಾಡ್ತಾರೆ, "ಬಾರೋ, ಭಾನುವಾರ ಟೂರ್ನಮೆಂಟ್ ಇದೆ, ಸುಮ್ನೆ ನಿಂತ್ಕೋ ಸಾಕು" ಅಂತ. ಸುಮ್ನೆ ನಿಂತ್ಕೊಂಡು ಯಾರೂ ಆಡಲ್ಲ.

ನಾರ್ವೆ ಮತ್ತೆ ಅಮೆರಿಕದ ಡೆಲವೇರ್‌ನ ತಜ್ಞರು ಸೇರಿ ಎಸಿಎಲ್ ಆಪರೇಷನ್ ಆದೋರನ್ನ ಎರಡು ವರ್ಷ ಹಿಂಬಾಲಿಸಿ 2016ರಲ್ಲಿ ಒಂದು ಅಧ್ಯಯನ ಪ್ರಕಟ ಮಾಡಿದ್ರು. ಒಂಬತ್ತು ತಿಂಗಳವರೆಗೆ ಆಟಕ್ಕೆ ವಾಪಸ್ ಹೋಗೋದನ್ನ ಒಂದೊಂದು ತಿಂಗಳು ಮುಂದೂಡಿದಾಗ್ಲೂ ಮಂಡಿಗೆ ಮತ್ತೆ ಪೆಟ್ಟಾಗೋ ಪ್ರಮಾಣ ಸುಮಾರು ಅರ್ಧದಷ್ಟು ಇಳೀತಾ ಹೋಯ್ತು. ತೊಡೆ ಬಲ, ಜಿಗಿತದಂಥ ಟೆಸ್ಟ್ (ಕೆಳಗೆ ಹೇಳ್ತೀನಿ) ಪಾಸ್ ಮಾಡದೆ ಆಟಕ್ಕೆ ಹೋದೋರಲ್ಲಿ 38 ಪರ್ಸೆಂಟ್ ಜನಕ್ಕೆ ಮತ್ತೆ ಪೆಟ್ಟಾಯ್ತು, ಪಾಸ್ ಮಾಡಿ ಹೋದೋರಲ್ಲಿ 6 ಪರ್ಸೆಂಟಿಗಿಂತ ಕಮ್ಮಿ. ಸಣ್ಣ ಗುಂಪಿನ ಅಧ್ಯಯನ, ಒಪ್ತೀನಿ, ಆದ್ರೂ ಆ ಅಂತರ ನೋಡಿ. ಇನ್ನೊಂದು, 25 ವರ್ಷದೊಳಗಿನೋರು ಆಟಕ್ಕೆ ವಾಪಸ್ ಹೋದ್ರೆ ಹತ್ತಿರತ್ತಿರ ನಾಲ್ವರಲ್ಲಿ ಒಬ್ಬರಿಗೆ ಮತ್ತೆ ಎಸಿಎಲ್ ಹೋಗುತ್ತೆ, ಕೆಲವರಿಗೆ ಅದೇ ಮಂಡಿ, ಕೆಲವರಿಗೆ ಚೆನ್ನಾಗಿದ್ದ ಇನ್ನೊಂದು ಮಂಡಿ. ವಯಸ್ಸು ಚಿಕ್ಕದು, ಬೇಗ ವಾಸಿ ಆಗುತ್ತೆ ಅನ್ನೋ ಮಾತು ಇಲ್ಲಿ ನಡೆಯಲ್ಲ.

"ಕ್ರಿಕೆಟರ್‌ಗಳು ನಾಲ್ಕು ತಿಂಗಳಿಗೆ ವಾಪಸ್ ಬರ್ತಾರಲ್ಲ" ಅಂತ ಕೇಳೋರಿಗೆ: ನಮ್ಮ ಕೆ.ಎಲ್. ರಾಹುಲ್ 2023ರ ಮೇ ತಿಂಗಳಲ್ಲಿ ತೊಡೆ ಪೆಟ್ಟಾಗಿ ಆಪರೇಷನ್ ಮಾಡಿಸ್ಕೊಂಡು ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್‌ನಲ್ಲಿ ಪಾಕಿಸ್ತಾನದ ಮೇಲೆ ಸೆಂಚುರಿ ಹೊಡೆದ್ರು, ನಿಜ. ಆದ್ರೆ ಅದು ತೊಡೆ. 2022ರ ಡಿಸೆಂಬರ್ ಕೊನೇಲಿ ಕಾರ್ ಆಕ್ಸಿಡೆಂಟಲ್ಲಿ ಮಂಡಿಯ ಲಿಗಮೆಂಟ್‌ಗಳು ಹರಿದ ರಿಷಭ್ ಪಂತ್ ಬೆಂಗಳೂರಿನ ನ್ಯಾಷನಲ್ ಕ್ರಿಕೆಟ್ ಅಕಾಡೆಮೀಲಿ (ಎನ್‌ಸಿಎ) ರಿಹ್ಯಾಬ್ ಮಾಡಿ ಮ್ಯಾಚ್ ಆಡೋಕೆ 2024ರ ಮಾರ್ಚ್ ಬೇಕಾಯ್ತು. ಇಡೀ ದಿನ ಅದೇ ಕೆಲಸ, ಪಕ್ಕದಲ್ಲಿ ಫಿಸಿಯೋ, ಟ್ರೈನರ್ ಎಲ್ಲ ಇದ್ದೂ. ನಮಗೆ ಆಫೀಸ್ ಮುಗ್ಸಿ ಟ್ರಾಫಿಕ್ಕಲ್ಲಿ ಬಂದು ಸಿಗೋದೇ ಒಂದು ಗಂಟೆ.

ಹಾಗಾದ್ರೆ ಈ ತಿಂಗಳುಗಳಲ್ಲಿ ಏನು ಮಾಡೋದು? ಭಾರ ಎತ್ತೋದು ಮುಂದುವರೀಲಿ, ಈಗ ಇನ್ನೂ ಜಾಸ್ತಿ ತೂಕ, ಆರೆಂಟು ಸಲ. ಜೊತೆಗೆ ಜಿಗಿಯೋದಲ್ಲ, ಇಳಿಯೋದು ಕಲೀರಿ. ಒಂದು ಗೇಣು ಎತ್ತರದ ಮೆಟ್ಟಿಲಿಂದ ಎರಡೂ ಕಾಲಲ್ಲಿ ಸದ್ದಾಗದ ಹಾಗೆ ಇಳಿದು ಹಾಗೇ ನಿಲ್ಲೋದು. ಧಡ್ ಅಂತ ಸದ್ದಾದ್ರೆ ಮಂಡಿ ಮಡಿಸ್ತಿಲ್ಲ ಅಂತ. ಆಮೇಲೆ ಎರಡೂ ಕಾಲಲ್ಲಿ ಮುಂದಕ್ಕೆ, ಪಕ್ಕಕ್ಕೆ ಜಿಗಿತ, ಆಮೇಲೆ ಒಂಟಿ ಕಾಲು. ದಿಕ್ಕು ಬದಲಿಸೋದು ಮೊದಲು ನಡಿಗೆ ಸ್ಪೀಡಲ್ಲಿ, ಆಮೇಲೆ ಅರ್ಧ ಸ್ಪೀಡಲ್ಲಿ, ಮುಂಚೆನೇ ಗೊತ್ತಿರೋ ಕಡೆಗೆ. ಕೊನೇಲಿ ಗೆಳೆಯ ಕೈ ತೋರಿಸಿದ ಕಡೆಗೆ ಗಕ್ಕನೆ ತಿರುಗೋದು. ಆಟದಲ್ಲಿ ಎಲ್ಲಿಗೆ ತಿರುಗ್ಬೇಕು ಅಂತ ಮುಂಚೆ ಗೊತ್ತಿರಲ್ಲವಲ್ಲ.

ಜಿಗಿತದ ಟೆಸ್ಟ್ ಮನೇಲೂ ಮಾಡ್ಬಹುದು, ಆದ್ರೆ ಮೊದಲನೇ ಸಲ ಫಿಸಿಯೋ ಮುಂದೇನೇ ಮಾಡಿ. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಂಟಿ ಕಾಲಲ್ಲಿ ಎಷ್ಟು ದೂರ ಜಿಗಿದು ಅಲ್ಲಾಡದೆ ನಿಲ್ತೀರೋ ಟೇಪಲ್ಲಿ ಅಳೀರಿ. ಚೆನ್ನಾಗಿರೋ ಕಾಲು 140 ಸೆಂಟಿಮೀಟರ್, ಆಪರೇಷನ್ ಕಾಲು 119 ಅಂದ್ರೆ 85 ಪರ್ಸೆಂಟ್. ಕಡಿಮೆ ಅಂದ್ರೂ 90 ಬೇಕು. ಒಂದು ಜಿಗಿತ, ಸತತ ಮೂರು ಜಿಗಿತ, ಗೆರೆಯ ಆಚೆ ಈಚೆ ದಾಟ್ತಾ ಮೂರು ಜಿಗಿತ, ಆರು ಮೀಟರ್ ಕುಂಟಾಟಕ್ಕೆ ಎಷ್ಟು ಸೆಕೆಂಡ್, ಈ ನಾಲ್ಕರಲ್ಲೂ. ಇದಕ್ಕಿಂತ ಮುಖ್ಯ ಕ್ವಾಡ್ಸ್ ಬಲ, ಅದೂ 90. ಜಿಗಿತದಲ್ಲಿ ಸೊಂಟ, ಪಾದ ಸೇರಿ ಹೆಂಗೋ ದೂರ ದಾಟಿಸಿಬಿಡ್ತವೆ, ಕ್ವಾಡ್ಸ್ ಮಾತ್ರ ಅಲ್ಲೇ ಹಿಂದೆ ಉಳಿದಿರುತ್ತೆ. ದೊಡ್ಡ ಊರುಗಳ ಸ್ಪೋರ್ಟ್ಸ್ ಫಿಸಿಯೋ ಸೆಂಟರ್‌ಗಳಲ್ಲಿ ಅಳೆಯೋ ಮಷಿನ್ ಇರುತ್ತೆ. ಇಲ್ಲ ಅಂದ್ರೆ ಲೆಗ್ ಎಕ್ಸ್‌ಟೆನ್ಷನ್‌ನಲ್ಲಿ ಒಂದೊಂದು ಕಾಲು ಎಷ್ಟು ತೂಕ ಎಷ್ಟು ಸಲ ಎತ್ತುತ್ತೆ ಅಂತ ಹೋಲಿಸಿದ್ರೂ ಅಂದಾಜು ಸಿಗುತ್ತೆ. ಒಂದು ಎಚ್ಚರ, ಇಷ್ಟು ತಿಂಗಳು ಆಡದೆ ಚೆನ್ನಾಗಿರೋ ಕಾಲೂ ಸೊರಗಿರುತ್ತೆ, ಸೊರಗಿದ್ದಕ್ಕೆ ಹೋಲಿಸಿ 90 ಬಂತು ಅಂತ ಖುಷಿ ಪಡೋದ್ರಲ್ಲಿ ಅರ್ಥ ಇಲ್ಲ. ಅದಕ್ಕೇ ಎರಡೂ ಕಾಲಿಗೂ ವ್ಯಾಯಾಮ ಮಾಡಿಸಿ, ಸಾಧ್ಯ ಇದ್ರೆ ಚೆನ್ನಾಗಿರೋ ಕಾಲಿನ ಬಲ ಆಪರೇಷನ್‌ಗೆ ಮುಂಚೆನೇ ಅಳೆಸಿ ಬರೆದಿಡಿ.

ಭಯದ ವಿಷ್ಯ. ಟೆಸ್ಟ್ ಎಲ್ಲ ಪಾಸ್ ಆದ್ರೂ ಕೋರ್ಟಲ್ಲಿ ಆ ಒಂದು ಶಾಟಿಗೆ ಕಾಲು ಹಾಕೋಕೆ ಮನಸ್ಸು ಒಪ್ಪಲ್ಲ. ನಂಗೂ ಹಂಗೇ ಆಗಿತ್ತು, ಬ್ಯಾಕ್‌ಹ್ಯಾಂಡ್ ಕಡೆ ಶಟಲ್ ಬಂದ್ರೆ ಬಿಟ್ಟೇ ಬಿಡ್ತಿದ್ದೆ. ಇದು ಪುಕ್ಕಲುತನ ಅಲ್ಲ. ಹಿಂಜರೀತಾ ಅರ್ಧಂಬರ್ಧ ಕಾಲು ಹಾಕಿದ್ರೂ ಪೆಟ್ಟಾಗ್ಬಹುದು, ಅದಕ್ಕೇ ಎಸಿಎಲ್ ಆದೋರ ಮನಸ್ಸಿನ ತಯಾರಿ ಅಳೆಯೋಕೆ ಅಂತಾನೇ ಪ್ರಶ್ನಾವಳಿ ಇದೆ, ಫಿಸಿಯೋ ಹತ್ರ ಕೇಳಿ. ಮದ್ದು ಅಂದ್ರೆ ಅದೇ ಚಲನೆಯನ್ನ ಒಬ್ಬರೇ, ನಿಧಾನಕ್ಕೆ, ಶಟಲ್ ಇಲ್ದೆ ಮಾಡಿ ಮಾಡಿ ಬೇಜಾರು ಹುಟ್ಟಿಸ್ಕೊಳ್ಳೋದು. ಬೇಜಾರಾಯ್ತು ಅಂದ್ರೆ ಭಯ ಹೋಯ್ತು ಅಂತ.

ಆಟಕ್ಕೆ ವಾಪಸ್

ಒಂಬತ್ತು ತಿಂಗಳು ಆಗಿ, ಟೆಸ್ಟ್ ಪಾಸ್ ಆಗಿ, ಡಾಕ್ಟ್ರು ಸೈ ಅಂದ್ಮೇಲೂ ನೇರ ಮ್ಯಾಚಿಗೆ ಇಳೀಬೇಡಿ. ಮೊದಲು ಮೈ ತಾಗಿಸದ ಪ್ರಾಕ್ಟೀಸ್, ಆಮೇಲೆ ಪೂರ್ತಿ ಪ್ರಾಕ್ಟೀಸ್, ಆಮೇಲೆ ಅರ್ಧ ಮ್ಯಾಚ್. ಒಂದೊಂದಕ್ಕೂ ಎರಡು ಮೂರು ವಾರ ಕೊಡಿ, ಮರುದಿನ ಬೆಳಗ್ಗಿನ ಊತದ ಲೆಕ್ಕ ಇಲ್ಲೂ ನಡೆಯುತ್ತೆ. ಕಬಡ್ಡಿಯೋರು ಕ್ಯಾಚ್ ಹಿಡಿಸ್ಕೊಳ್ಳೋದನ್ನ ಎಲ್ಲಕ್ಕಿಂತ ಕೊನೆಗೆ ಇಟ್ಕೊಳ್ಳಿ, ಅದೂ ಮ್ಯಾಟ್ ಮೇಲೆ, ಗೊತ್ತಿರೋ ಹುಡುಗರ ಜೊತೆ, ಒಬ್ಬರೇ ಹಿಡಿಯೋ ಹಾಗೆ ಹೇಳಿ ಶುರು ಮಾಡಿ. ಆಂಕಲ್ ಹೋಲ್ಡ್ ಕೊನೇಲೂ ಕೊನೆ. ಶಟಲ್‌ನೋರು ಮೊದಲು ಡಬಲ್ಸ್ ಆಡಿ, ಸಿಂಗಲ್ಸ್ ಆಮೇಲೆ, ಕೋರ್ಟಿಗೆ ರನ್ನಿಂಗ್ ಶೂ ಹಾಕ್ಬೇಡಿ, ಪಕ್ಕಕ್ಕೆ ಹೋಗುವಾಗ ಕಾಲು ಉಳುಕೋದು ಅದರಲ್ಲೇ. ಫುಟ್ಬಾಲಿನೋರಿಗೆ ಫಿಫಾ 11+ ಅಂತ ಇಪ್ಪತ್ತು ನಿಮಿಷದ ವಾರ್ಮಪ್ ಇದೆ, ಯೂಟ್ಯೂಬಲ್ಲಿ ಸಿಗುತ್ತೆ, ಬೇರೆ ಆಟದೋರೂ ಮಾಡ್ಬಹುದು. ಮಂಡಿ ಬ್ರೇಸ್ ಹಾಕಿದ್ರೆ ಧೈರ್ಯ ಬರುತ್ತೆ ಅಂದ್ರೆ ಹಾಕ್ಕೊಳ್ಳಿ, ಆದ್ರೆ ಅದು ತೊಡೆ ಬಲದ ಬದಲಿಗೆ ಅಲ್ಲ.

ಮೊದಲ ಕೆಲವು ಮ್ಯಾಚಲ್ಲಿ ಸುಸ್ತಾದಾಗ ಹೊರಗೆ ಬನ್ನಿ, ಸುಸ್ತಾದ ಕಾಲು ಇಳಿಯೋ ರೀತಿ ಬದಲಾಗುತ್ತೆ. ಅದು ನಿಮಗೆ ಗೊತ್ತಾಗಲ್ಲ, ಹೊರಗೆ ಕೂತೋರಿಗೆ ಕಾಣುತ್ತೆ, ಒಬ್ಬರಿಗೆ ನೋಡ್ತಿರು ಅಂತ ಹೇಳಿಡಿ. ಜಿಮ್ ವಾರಕ್ಕೆ ಎರಡು ದಿನ, ಆಟ ಆಡೋವಷ್ಟು ವರ್ಷವೂ ಇರ್ಲಿ. ಮಂಡಿ ಸಿಕ್ಕಿಹಾಕ್ಕೊಂಡ ಹಾಗಾದ್ರೆ, ನಡೀವಾಗ ಕಳಚಿದ ಹಾಗಾದ್ರೆ, ಮುಂಚೆ ನೆಟ್ಟಗಾಗ್ತಿದ್ದಿದ್ದು ಆಗದೆ ಹೋದ್ರೆ ಆಟ ಅಲ್ಲಿಗೇ ನಿಲ್ಲಿಸಿ, ಹಳೇ ಎಂಆರ್‌ಐ ಫಿಲ್ಮೂ, ಡಿಸ್ಚಾರ್ಜ್ ಸಮ್ಮರಿನೂ ತಗೊಂಡು ಆಪರೇಷನ್ ಮಾಡಿದ ಡಾಕ್ಟ್ರ ಹತ್ರಾನೇ ಹೋಗಿ ತೋರಿಸಿ.